ನೂರು ವರ್ಷದ ಕತ್ತಿಯ ನಿಜವಾದ ವಯಸ್ಸು

ನನ್ನ ಹತ್ತಿರ ಹದಿನೇಳು ಚಾಕುಗಳಿವೆ. ಅವುಗಳಲ್ಲಿ ಹನ್ನೊಂದನ್ನು ನಾನು ಕೊಳ್ಳಲೇಬಾರದಿತ್ತು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ, ಐವತ್ತು ದಾಟಿದ ಹೆಂಗಸಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಬಹಳ ಮಂದಿ ಕೇಳಿದ್ದಾರೆ. ಪ್ರಯೋಗಾಲಯದಲ್ಲಿ ಗಿಡದ ಕಾಂಡವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಡುವುದು ನನ್ನ ನಿತ್ಯದ ಕೆಲಸ. ಅಲಗು ಮೊಂಡಾಗಿದ್ದರೆ ಕಾಂಡ ಜಜ್ಜಿಹೋಗುತ್ತದೆ. ಹರಿತವಾಗಿದ್ದರೆ ಈರುಳ್ಳಿಯ ಒಳಪೊರೆಯಂಥ ಬಿಲ್ಲೆ ತಾನಾಗಿ ಕಳಚಿ ಬರುತ್ತದೆ. ಆ ಒಂದು ಗಳಿಗೆಯ ಖುಷಿ ನನ್ನನ್ನು ಅಂಗಡಿಯಿಂದ ಅಂಗಡಿಗೆ, ಆಮೇಲೆ ಮೊಬೈಲಿನ ಜಾಹೀರಾತುಗಳಿಗೆ ಎಳೆದುಕೊಂಡು ಹೋಯಿತು.

ವಿಜಯನಗರ ಬಡಾವಣೆಯ ನಮ್ಮ ಮನೆಯಲ್ಲಿ ಪುಸ್ತಕದ ಕಪಾಟಿನ ಕೆಳಖಾನೆ ಚಾಕುಗಳಿಗೆ ಮೀಸಲಾಯಿತು. ಆಯುಧಪೂಜೆಯ ದಿನ ಅವನ್ನೆಲ್ಲ ಸಾಲಾಗಿ ಜೋಡಿಸಿ ಕುಂಕುಮ ಹಚ್ಚಿದರೆ ನನ್ನ ಗಂಡ ಸ್ಕೂಟರಿಗೆ ಹೂವು ಸಿಕ್ಕಿಸುತ್ತಾ ನಗುತ್ತಿದ್ದರು.

"ದಿನಾ ಈಳಿಗೆಮಣೆ ಮೇಲೆ ಕೂತು ಹೆಚ್ಚೋಳಿಗೆ ಇಷ್ಟೊಂದು ಚಾಕು ಯಾಕೆ ಕಣೇ?"

"ಇವು ಹೆಚ್ಚಕ್ಕಲ್ಲ ರೀ, ನೋಡಕ್ಕೆ" ಎನ್ನುತ್ತಿದ್ದೆ. ಹೇಳುವಾಗಲೇ ಆ ಮಾತು ನನಗೇ ಅಷ್ಟು ಸರಿ ಕಾಣುತ್ತಿರಲಿಲ್ಲ.

ಮೊದಲು ಬೇಸ್ತುಬಿದ್ದದ್ದು ಅಲೆಅಲೆಯ ಗೆರೆಗಳಿದ್ದ ಒಂದು ಚಾಕಿನಿಂದ. ಹಲವು ಪದರದ ಉಕ್ಕನ್ನು ಮಡಚಿ ಬಡಿದು ಮಾಡಿದ್ದು, ಆ ಗೆರೆಗಳು ಲೋಹದೊಳಗಿನಿಂದಲೇ ಮೂಡಿದ್ದು ಎಂದು ಜಾಹೀರಾತಿನಲ್ಲಿತ್ತು. ಬಂದ ವಾರದಲ್ಲೇ ಅದರ ಮೇಲೆ ಕಲೆಯಾಯಿತೆಂದು ಹುಣಸೆಹಣ್ಣು ಹಾಕಿ ಉಜ್ಜಿದೆ. ಕಲೆಯ ಜೊತೆಗೆ ಅಲೆಗಳೂ ತೊಳೆದುಹೋದವು. ಇನ್ನೊಂದು ಮಡಚುವ ಚಾಕು. ಸೀಬೆಹಣ್ಣು ಕೊಯ್ಯುತ್ತಿದ್ದಾಗ ಅದರ ಕೊಂಡಿ ಸಡಿಲಾಗಿ ನನ್ನ ಬೆರಳಿನ ಮೇಲೇ ಮಡಚಿಕೊಂಡಿತು. ಮೂರು ಹೊಲಿಗೆ ಬಿದ್ದವು. ಹೊಲಿಗೆ ಹಾಕುತ್ತಿದ್ದ ಡಾಕ್ಟರಮ್ಮ "ಯಾವುದ್ರಿಂದ ಕೊಯ್ಕೊಂಡ್ರಿ?" ಎಂದಾಗ ಈಳಿಗೆಮಣೆ ಎಂದೆ. ಮನೆಯಲ್ಲೂ ಅದನ್ನೇ ಹೇಳಿದೆ. ಪಾಪದ ಈಳಿಗೆಮಣೆ.

ಆದರೆ ಇವೆಲ್ಲ ಸಣ್ಣ ಮೂರ್ಖತನಗಳು. ಹೇಳಬೇಕಾದ್ದು ಆ ಕತ್ತಿಯ ವಿಷಯ.

ಮೊಬೈಲಿನಲ್ಲಿ ಚಾಕು ಕೂಡಿಡುವವರ ಒಂದು ಗುಂಪಿದೆ. ಅದರಲ್ಲಿ ಪರಿಚಯವಾದ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಬನ್ನಿಮಂಟಪದ ಟೀ ಅಂಗಡಿಯೊಂದರಲ್ಲಿ ಸಿಗುತ್ತೇನೆಂದ. ಮಾಸಿದ ರೇಷ್ಮೆ ಬಟ್ಟೆ ಬಿಚ್ಚಿದಾಗ ಒಳಗೆ ಮೊಳಕ್ಕಿಂತ ಸ್ವಲ್ಪ ಚಿಕ್ಕದಾದ ಕತ್ತಿ. ಅಲಗಿನ ತುಂಬ ತುಕ್ಕಿನ ಗುಳಿಗಳು, ಕಪ್ಪಾದ ಮರದ ಹಿಡಿ. ಅರಮನೆಯವರ ಜೊತೆ ಬೇಟೆಗೆ ಹೋಗುತ್ತಿದ್ದ ಮನೆತನದ್ದು, ನೂರು ವರ್ಷಕ್ಕೆ ಕಮ್ಮಿಯಿಲ್ಲ ಎಂದ.

"ಮೇಡಂ, ನಿಮ್ಮಂಥ ತಿಳಿದೋರ ಕೈ ಸೇರ್ಲಿ ಅಂತ ತಂದೆ. ಬೇರೆಯವ್ರಿಗಾದ್ರೆ ತೋರಿಸ್ತಾನೂ ಇರ್ಲಿಲ್ಲ."

'ತಿಳಿದೋರು' ಎಂಬ ಆ ಒಂದು ಮಾತಿಗೆ ನಾನು ಬಿದ್ದೆ. ಕಣ್ಣಿಂದ ನೋಡದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುವವಳು, ಚೀಲದಲ್ಲೇ ಇದ್ದ ಭೂತಗನ್ನಡಿಯನ್ನು ಹೊರಗೆ ತೆಗೆಯಲೂ ಇಲ್ಲ. ಕೇಳಿದಷ್ಟು ಕೊಟ್ಟು ತಂದೆ. ಮನೆಯಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆ ಹೇಳಿದೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಗಂಡನಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೇ. ಸಾಲದ್ದಕ್ಕೆ ಗುಂಪಿನಲ್ಲಿ ಆ ಕತ್ತಿಯ ಬಗ್ಗೆ ಮೂರು ಪುಟದ ಲೇಖನ ಬರೆದೆ. ಗುಳಿಗಳ ಆಳ ನೋಡಿ ಕಾಲ ನಿರ್ಣಯಿಸುವುದು ಹೇಗೆಂದು ಅದರಲ್ಲಿ ಒಂದು ಪ್ಯಾರಾ ಕೂಡ ಇತ್ತು. ಮೆಚ್ಚುಗೆಗಳು ಬಂದವು. ಅವನ್ನು ಎರಡೆರಡು ಸಲ ಓದಿಕೊಂಡೆ.

ಏಳೆಂಟು ತಿಂಗಳಾದ ಮೇಲೆ ಹಿಡಿ ಅಲುಗಾಡತೊಡಗಿತು. ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಟೈಲರುಗಳ ಕತ್ತರಿಗೆ ಸಾಣೆ ಹಿಡಿಯುವ ಎಪ್ಪತ್ತು ವರ್ಷದ ಯಜಮಾನರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಒಂದು ಶನಿವಾರ ಮಧ್ಯಾಹ್ನ ಹೋದೆ. ಮುಂದೆ ಸಾಣೆಕಲ್ಲು, ಹಿಂದೆ ಕುಲುಮೆ. ಕುಲುಮೆಯ ಮೇಲೆ ಹಳೇ ಪೇಪರಿನ ಕಟ್ಟುಗಳನ್ನು ಪೇರಿಸಿದ್ದರು. ಅದು ಬೆಂಕಿ ಕಂಡು ಎಷ್ಟೋ ಕಾಲವಾಗಿರಬೇಕು.

"ಹುಷಾರು ಯಜಮಾನ್ರೇ, ನೂರು ವರ್ಷದ್ದು" ಎಂದು ಕತ್ತಿಯನ್ನು ಅವರ ಕೈಗಿಟ್ಟೆ.

ಅವರು ಅಂಗೈ ಮೇಲೆ ತೂಗಿ ನೋಡಿದರು. ಅಲಗಿನ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮೊಳೆ ತಟ್ಟಿ ತೆಗೆದು ಹಿಡಿಯನ್ನು ಮೆಲ್ಲಗೆ ಎಳೆದರು. ಹಿಡಿಯೊಳಗೆ ಅಡಗಿದ್ದ ಕಬ್ಬಿಣದ ಮೇಲೆ ಒತ್ತೊತ್ತಾಗಿ ಮೂರು ಚುಕ್ಕಿಗಳಿದ್ದವು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದು ನಂದೇ ಕಣಮ್ಮ."

"ಅಂದ್ರೆ?"

"ನಾನೇ ಮಾಡಿದ್ದು. ಲಾರಿ ಕಮಾನು ಪಟ್ಟಿ ಬಡಿದು ಮಾಡ್ದೆ. ಐದಾರು ವರ್ಷ ಆಗಿರ್ಬೇಕು. ತೋಟದ ಮನೇಲಿ ಗೋಡೆಗೆ ನೇತಾಕ್ತೀನಿ ಅಂತ ಒಬ್ರು ಹತ್ತು ಮಾಡಿಸ್ಕೊಂಡು ಒಂಟೋದ್ರು. ನೋಡಿ, ಎಂಗೆ ಮಾಡವ್ರೆ! ಆಸಿಡ್ ಉಯ್ದು, ಮಣ್ಣಲ್ಲಿ ಊತು ತುಕ್ಕು ಇಡಿಸ್ಬುಟ್ಟವ್ರೆ."

ನನ್ನ ಕಿವಿಗಳು ಬಿಸಿಯಾದವು. ಮೂರು ಪುಟದ ಲೇಖನದ ಒಂದೊಂದು ಸಾಲೂ ಕಣ್ಣ ಮುಂದೆ ಬಂತು. ಅಲ್ಲೇ ನಿಂತು ವ್ಯಾಪಾರಿಗೆ ಫೋನ್ ಮಾಡಿದೆ. "ನನಗೂ ಯಾರೋ ಹಂಗೇ ಹೇಳಿ ಕೊಟ್ರು ಮೇಡಂ, ನಾನೂ ಮೋಸ ಹೋದೆ" ಎಂದ. ಮಾತು ಮುಗಿಯುವ ಮೊದಲೇ ಕಟ್ ಮಾಡಿದ. ಮತ್ತೆ ಮಾಡಿದರೆ ಹೋಗಲಿಲ್ಲ.

"ಇದನ್ನ ನೀವೇ ಇಟ್ಕೊಳ್ಳಿ. ನನಗೆ ಬೇಡ" ಎಂದು ಹೊರಡಲು ತಿರುಗಿದೆ.

"ನಿಂತ್ಕೊಳ್ಳಿ ತಾಯಿ" ಎಂದರು ಅವರು. ದನಿಯಲ್ಲಿ ನನಗಿಂತ ಹೆಚ್ಚು ನೋವಿತ್ತು. ಆಗಲೇ ನನಗೆ ಹೊಳೆದದ್ದು. ನಾನು ಕಳೆದುಕೊಂಡದ್ದು ದುಡ್ಡು ಮತ್ತು ಒಂದಿಷ್ಟು ಜಂಬ. ಅವರ ಕೈಕೆಲಸವನ್ನೇ ಯಾರೋ ಬೇಕೆಂದೇ ಹಾಳು ಮಾಡಿದ್ದರು. "ನಿಮ್ಗೆ ಮೋಸ ಮಾಡಿದ್ದು ಅವ್ನು, ಕತ್ತಿ ಏನು ಮಾಡ್ತು? ಒಂದು ವಾರ ಬುಡಿ. ಬಂದು ನೋಡಿ, ಆಮೇಲೆ ಬೇಡ ಅನ್ನಿ."

ಆ ವಾರ ನನಗೆ ಊಟ ರುಚಿಸಲಿಲ್ಲ. ಗುರುವಾರ ಸಂಜೆ ಕಾಫಿ ಕುಡಿಯುತ್ತಾ ಗಂಡನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ನಿಜವಾದ ಬೆಲೆ, ಲೇಖನ, ಮೂರು ಚುಕ್ಕಿ, ಕೊನೆಗೆ ಬೆರಳಿಗೆ ಹೊಲಿಗೆ ಬೀಳಿಸಿದ ಚಾಕಿನ ಕಥೆಯನ್ನೂ. ಅವರು ಲೋಟ ಕೆಳಗಿಟ್ಟರು.

"ಬೆಲೆ ಸುಳ್ಳು ಹೇಳ್ಬಾರ್ದಿತ್ತು" ಎಂದರು.

"ಹೂಂ."

"ಈಳಿಗೆಮಣೆ ಮೇಲೆ ಅನ್ಯಾಯವಾಗಿ ಅಪವಾದ ಹೊರಿಸಿದೆಯಲ್ಲೇ. ನಾನು ಅದನ್ನ ಎಸೆಯೋಕೆ ಹೊರಟಿದ್ದೆ."

ಇಬ್ಬರೂ ನಕ್ಕೆವು. ನಗುತ್ತಲೇ ನನ್ನ ಕಣ್ಣಲ್ಲಿ ನೀರು ಬಂತು. ಶನಿವಾರ ಅವರೇ ಸ್ಕೂಟರ್ ತೆಗೆದು, "ನಡಿ, ನಿನ್ನ ನೂರು ವರ್ಷದ ಕತ್ತೀನ ನಾನೂ ನೋಡ್ಬೇಕು" ಎಂದರು.

ಅಂಗಡಿ ಮುಟ್ಟಿದಾಗ ಕುಲುಮೆಯ ಮೇಲಿನ ಪೇಪರಿನ ಕಟ್ಟುಗಳು ಅಲ್ಲಿರಲಿಲ್ಲ. ಕೆಂಡ ಇನ್ನೂ ಬೆಚ್ಚಗಿತ್ತು. ಗುಳಿಬಿದ್ದ ಪದರವನ್ನೆಲ್ಲ ಉಜ್ಜಿ ತೆಗೆದು, ಅಲಗನ್ನು ಮತ್ತೆ ಕಾಯಿಸಿ ಹದ ಮಾಡಿದ್ದರು. ಕತ್ತಿ ಮೊದಲಿಗಿಂತ ತೆಳುವಾಗಿತ್ತು. ಬೂದು ಮಿಶ್ರಿತ ತಣ್ಣನೆಯ ಹೊಳಪು. ಹೊಸ ಹಿಡಿ. ಮೂರು ಚುಕ್ಕಿಗಳನ್ನು ಈ ಸಲ ಅಲಗಿನ ಮೇಲೆ, ಎಲ್ಲರಿಗೂ ಕಾಣುವಂತೆ ಒತ್ತಿದ್ದರು.

"ಮೊದ್ಲೆಲ್ಲ ಯಾಕೆ ಒಳಗೆ ಒತ್ತುತಿದ್ರಿ?" ಎಂದು ನನ್ನ ಗಂಡ ಕೇಳಿದರು.

"ಯಾರು ಕೇಳ್ತಿದ್ರು ಸ್ವಾಮಿ? ಎಲ್ಲಾರೂ ಮಿಶಿನ್ ಚಾಕು ತಗತಾರೆ. ನನ್ ಸಮಾಧಾನಕ್ಕೆ ಒತ್ಕೋತಿದ್ದೆ."

ಅವರು ಒಂದು ಹಾಳೆ ಕೊಟ್ಟರು. ಕತ್ತಿಯನ್ನು ಅದರ ಅಂಚಿಗೆ ತಾಗಿಸಿದೆನಷ್ಟೆ, ಹಾಳೆ ಸದ್ದಿಲ್ಲದೆ ಎರಡಾಯಿತು. ಪ್ರಯೋಗಾಲಯದಲ್ಲಿ ಒಳ್ಳೆಯ ಬಿಲ್ಲೆ ಕಳಚಿ ಬಂದಾಗ ಆಗುವ ಅದೇ ಖುಷಿ.

ಅಂದೇ ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ನನ್ನ ಲೇಖನ ಪೂರ್ತಿ ತಪ್ಪು, ದಯವಿಟ್ಟು ಯಾರೂ ನಂಬಬೇಡಿ ಎಂದು ಶುರುಮಾಡಿದೆ. ನಗೆಪಾಟಲಾಗುತ್ತೇನೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಹಿರಿಯ ಸದಸ್ಯರೊಬ್ಬರು ಆನೆದಂತದ್ದೆಂದು ತಾವು ಹೆದರಿ ಹೆದರಿ ಬಚ್ಚಿಟ್ಟಿದ್ದ ಚಾಕಿನ ಹಿಡಿ ಪ್ಲಾಸ್ಟಿಕ್ಕಿನದೆಂದು ಗೊತ್ತಾದ ಕಥೆ ಬರೆದರು. ಇನ್ನೊಬ್ಬರದ್ದು ಒರೆಯಿಂದ ಹೊರಗೇ ಬಾರದ ಬಾಕು. ವಾರವಿಡೀ ಗುಂಪಿನಲ್ಲಿ ಇದೇ ಮಾತು. ನಮ್ಮ ನಡುವೆ ಅಷ್ಟು ಸಲಿಗೆ ಅದುವರೆಗೆ ಇರಲೇ ಇಲ್ಲ. ಕೊನೆಗೆ ನಾಲ್ಕೈದು ಜನ ಕೇಳಿದ ಪ್ರಶ್ನೆ ಒಂದೇ: ಆ ಯಜಮಾನರ ಅಂಗಡಿ ಎಲ್ಲಿದೆ?

ಈಗ ಕುಲುಮೆ ವಾರಕ್ಕೆ ಎರಡು ದಿನ ಉರಿಯುತ್ತದೆ. ಶನಿವಾರ ನಾನು ಹೋಗಿ ಸಾಣೆ ಹಿಡಿಯಲು ಕಲಿಯುತ್ತೇನೆ. ಮೊದಲ ತಿಂಗಳೆಲ್ಲ "ಒತ್ಬೇಡಿ ತಾಯಿ, ಕಲ್ಲಿಗೂ ಜೀವ ಅದೆ" ಎಂದು ಬೈಸಿಕೊಂಡೆ. ಕೊಳ್ಳಬಾರದಿದ್ದ ಹನ್ನೊಂದರಲ್ಲಿ ಎಂಟನ್ನು ನಾನೇ ಹರಿತ ಮಾಡಿದ್ದೇನೆ. ಅಲೆ ತೊಳೆದುಹೋದ ಚಾಕು ಟೊಮೇಟೊ ಹೆಚ್ಚಲು ಬಹಳ ಚೆನ್ನಾಗಿದೆ. ಅದರ ಉಕ್ಕು ಅಷ್ಟೇನೂ ಕೆಟ್ಟದ್ದಲ್ಲ, ಕೆಟ್ಟದ್ದಾಗಿದ್ದದ್ದು ಜಾಹೀರಾತು.

ಹೋದ ವಾರ ಪ್ರಯೋಗಾಲಯಕ್ಕೆಂದು ಒಂದು ಚಿಕ್ಕ ಚಾಕು ಮಾಡಿಕೊಡಿ ಎಂದು ಕೇಳಿದೆ. ಯಜಮಾನರು ನನ್ನ ಅಂಗೈಯನ್ನು ಚಾಚಿಸಿ ದಾರದಿಂದ ಅಳತೆ ತೆಗೆದರು.

"ಏನು ಕೊಯ್ತೀರಿ ಇದ್ರಲ್ಲಿ?"

"ಸೂರ್ಯಕಾಂತಿ ಕಾಂಡ. ಕೂದಲೆಳೆಯಷ್ಟು ತೆಳ್ಳಗೆ."

ಅವರು ದಾರಕ್ಕೆ ಗಂಟು ಹಾಕಿ ಹೇಳಿದರು: "ಬರುವಾಗ ಒಂದು ಕಾಂಡ ತಗಬನ್ನಿ. ಕೊಯ್ದು, ಎಂಗೆ ಬರ್ಬೇಕು ಅಂತ ನಂಗೂ ತೋರಿಸಿ."