ಉಸ್ತಾದರು ನಿದ್ದೆ ಮಾಡಿದ ದಿನ

ನಮ್ಮ ಲಾರಿ ಮಂದಿಯಲ್ಲಿ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಯಾರನ್ನೂ ಡ್ರೈವರ್ ಎನ್ನುವುದಿಲ್ಲ. ಹೊಸಬ ಮೊದಲು ಒಬ್ಬ ಹಳೆಯ ಡ್ರೈವರನ ಕೈಕೆಳಗೆ ಕಲಿಯಬೇಕು. ಅವರನ್ನು ಉಸ್ತಾದ ಎನ್ನುತ್ತೇವೆ. ಹೊಸಬ ಓಡಿಸುತ್ತಾನೆ, ಉಸ್ತಾದ ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಒಂದು ದಿನ, ಗಾಡಿ ಓಡುತ್ತಿರುವಾಗಲೇ, ಉಸ್ತಾದ ಎದ್ದು ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿ ನಿದ್ದೆ ಹೋದರೆ ಮುಗಿಯಿತು, ಹೊಸಬ ಡ್ರೈವರ್ ಆದ ಹಾಗೆ. ಬೇರೆ ಪರೀಕ್ಷೆ ಇಲ್ಲ. ಆಮೇಲೆ ಉಸ್ತಾದ ಮಾಲೀಕನಿಗೆ ಒಂದು ಮಾತು ಹೇಳುತ್ತಾರೆ, ಮಾಲೀಕ ಒಂದು ಲಾರಿಯನ್ನು ಅವನ ಕೈಗೆ ಕೊಡುತ್ತಾನೆ.

ನನ್ನ ಉಸ್ತಾದರು ನಾಲ್ಕು ತಿಂಗಳಾದರೂ ಕಣ್ಣು ಮುಚ್ಚಲಿಲ್ಲ.

ಬೀದರ ಕೋಟೆಯ ಹತ್ತಿರದ ಓಣಿಯವರು ಅವರು. ಅರವತ್ತರ ಆಸುಪಾಸು, ಒಣಕಲು ಮೈ, ಮಾತು ಕಡಿಮೆ. ಹಿಂದೊಮ್ಮೆ ಅವರು ಮಲಗಿದ್ದಾಗ ಕಲಿಯುವ ಹುಡುಗನೊಬ್ಬ ಲಾರಿಯನ್ನು ಸೇತುವೆಯಿಂದ ಕೆಳಗೆ ಇಳಿಸಿದ್ದನಂತೆ. ಅವರ ಎಡ ಭುಜದಲ್ಲಿ ಈಗಲೂ ಕಬ್ಬಿಣದ ಪಟ್ಟಿ ಇದೆ. ನಾನು ಸ್ಟೇರಿಂಗ್ ಹಿಡಿದಾಗಲೆಲ್ಲ ಅವರ ಬಲಗಾಲು ಬರೀ ನೆಲವನ್ನು ಒತ್ತುತ್ತಿತ್ತು, ಅಲ್ಲೊಂದು ಬ್ರೇಕ್ ಇದೆಯೇನೋ ಎಂಬಂತೆ. ತಿರುವು ಬಂದರೆ ಒತ್ತು, ಎಮ್ಮೆ ಕಂಡರೆ ಒತ್ತು. ನನಗೆ ರಸ್ತೆಗಿಂತ ಆ ಕಾಲೇ ಹೆಚ್ಚು ಕಾಣುತ್ತಿತ್ತು. ಸಿಟ್ಟು ಬರುತ್ತಿತ್ತು. ಏನು ಮಾಡಲಿ, ಬೈಯಲಿಕ್ಕೂ ಬರುವಂತಿಲ್ಲ, ಮನುಷ್ಯ ಒಳ್ಳೆಯವರು. ಢಾಬಾದಲ್ಲಿ ತಮ್ಮ ತಟ್ಟೆಯ ರೊಟ್ಟಿ ಮುರಿದು ನನಗೇ ಮೊದಲು ಕೊಡುತ್ತಿದ್ದರು.

ಬೀದರಿನಲ್ಲಿ ನಾವು ಲಾರಿ ನಿಲ್ಲಿಸುವ ಬಯಲಿನಲ್ಲಿ ಒಂದು ಚಹಾದ ಡಬ್ಬಿ ಅಂಗಡಿ ಇದೆ. ನಾನು ಅಲ್ಲಿ ಕಾಲಿಟ್ಟರೆ ಸಾಕು, ಯಾರಾದರೊಬ್ಬ ಶುರು ಮಾಡುತ್ತಿದ್ದ.

"ಏನೋ, ನಿಮ್ಮ ಉಸ್ತಾದ ಮಲಗಿದನೇನು?"

"ಇಲ್ಲರಿ."

"ಜೋಗುಳ ಹಾಡಿ ನೋಡೋ ಮಾರಾಯಾ."

ಎಲ್ಲರೂ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ನನ್ನ ಜೊತೆಗೆ ಸೇರಿದ ಇನ್ನೊಬ್ಬನ ಉಸ್ತಾದ ಎರಡನೆಯ ಟ್ರಿಪ್ಪಿಗೇ ಗೊರಕೆ ಹೊಡೆದಿದ್ದ. ಅವನಿಗೆ ಆಗಲೇ ಲಾರಿ ಸಿಕ್ಕಿತ್ತು.

ನನಗೆ ಅಷ್ಟು ಆತುರ ಯಾಕೆಂದರೆ, ನಮ್ಮಪ್ಪ ಆರು ತಿಂಗಳ ಗಡುವು ಕೊಟ್ಟಿದ್ದ. ನಮ್ಮ ಊರು ಭಾಲ್ಕಿ ದಾಟಿದರೆ ಸಿಗುತ್ತದೆ, ಸಾಯಗಾಂವ ಕಡೆಗೆ. ಮನೆತನದ ಕಸುಬು ಕುರಿ. "ಆರ ತಿಂಗಳ ನೋಡ್ತೇನಿ. ಆಗಲಿಲ್ಲಂದ್ರ ಸುಮ್ಮ ಬಂದು ಕುರಿ ಹಿಂದ ನಿಂದ್ರು," ಎಂದಿದ್ದ ಅಪ್ಪ. ಅವನ ಮಾತಿನಲ್ಲಿ ತಪ್ಪೇನಿಲ್ಲ, ಆದರೆ ನನಗೆ ಕುರಿ ಸಾಕಾಗಿತ್ತು. ಸಾಲೆಯಲ್ಲಿ ನನ್ನ ಪಕ್ಕ ಕುಳಿತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಭಾಲ್ಕಿ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ತನ್ನ ಮಗುವನ್ನು ಕಿಟಕಿ ಕಡೆಗೆ ಸರಿಸಿಕೊಂಡಿದ್ದಳು. ಇಪ್ಪತ್ತನಾಲ್ಕು ವರ್ಷದವನು ನಾನು ಆವತ್ತು ಮನೆಗೆ ಬಂದು ಎರಡು ಸಲ ಸಾಬೂನು ಹಚ್ಚಿ ಮೈ ತೊಳೆದುಕೊಂಡೆ. ನನ್ನನ್ನು ಜನ ಡ್ರೈವರ್ ಎನ್ನಬೇಕು, ಅಷ್ಟೇ. ಅದಕ್ಕಿಂತ ದೊಡ್ಡ ಆಸೆ ಏನೂ ಇರಲಿಲ್ಲ.

ಐದನೆಯ ತಿಂಗಳಲ್ಲಿ ಜಾಲ್ನಾದಿಂದ ಕಬ್ಬಿಣದ ಸಲಾಕೆ ಹೇರಿಕೊಂಡು ಬೀದರಿಗೆ ಮರಳುತ್ತಿದ್ದೆವು. ನಾಂದೇಡ, ದೇಗಲೂರು ಕಳೆದು ನಮ್ಮ ಗಡಿಗೆ ಬಂದಾಗ ಮಧ್ಯಾಹ್ನ. ಔರಾದಿನಲ್ಲಿ ಊಟ ಮಾಡಿದೆವು. ಉಸ್ತಾದರಿಗೆ ಎರಡು ದಿನದಿಂದ ಮೈಯಲ್ಲಿ ಜ್ವರದ ಕಾವಿತ್ತು. ಊರು ದಾಟುತ್ತಲೇ ಅವರ ತಲೆ ಎದೆಗೆ ಬೀಳತೊಡಗಿತು. ನಾನು ಬಾಯಿ ಬಿಡಲಿಲ್ಲ. ಉಸಿರೂ ಜೋರಾಗಿ ಬಿಡಲಿಲ್ಲ ಎನ್ನಿ. ಸ್ವಲ್ಪ ಹೊತ್ತಿಗೆ ಅವರೇ ನನ್ನ ಭುಜ ತಟ್ಟಿದರು.

"ಬೇಟಾ, ಸೀದಾ ಹೋಗು. ಜರ್ಕ್ ಹೊಡಿಬ್ಯಾಡ. ನಾ ಒಂದೀಟು ಕಣ್ ಮುಚ್ಚತೇನಿ."

ಹಿಂದಕ್ಕೆ ಹೋಗಿ ಮಲಗಿದರು. ಎರಡು ನಿಮಿಷಕ್ಕೆ ಗೊರಕೆ ಕೇಳಿಸಿತು. ನನ್ನ ಕಣ್ಣಲ್ಲಿ ನೀರೇ ಬಂತು, ಸುಳ್ಳು ಯಾಕೆ ಹೇಳಲಿ. ಇನ್ನು ಬೀದರ ಮುಟ್ಟುವವರೆಗೆ ಅವರು ಏಳಬಾರದು, ಅಷ್ಟಾದರೆ ಗೆದ್ದೆ ಎಂದುಕೊಂಡೆ. ಗೇರ್ ಬದಲಿಸುವಾಗ ಬೆಣ್ಣೆ ಮುಟ್ಟಿದ ಹಾಗೆ ಮುಟ್ಟಿದೆ. ಗುಂಡಿ ಕಂಡರೆ ಅರ್ಧ ಫರ್ಲಾಂಗು ಮುಂಚೆಯೇ ವೇಗ ಇಳಿಸಿದೆ.

ಮುಂದೆ ಒಂದು ಕಡೆ ಕುರಿ ಹಿಂಡು ರಸ್ತೆ ದಾಟುತ್ತಿತ್ತು, ಎಡದಿಂದ ಬಲಕ್ಕೆ. ನಾನು ವೇಗವನ್ನು ನಿಧಾನಕ್ಕೆ ಇಳಿಸುತ್ತ ಬಂದೆ. ಬೇರೆ ಡ್ರೈವರ್ ಆಗಿದ್ದರೆ ಹಾರ್ನ್ ಹೊಡೆಯುತ್ತಿದ್ದ, ಗಾಡಿ ನಿಲ್ಲಿಸುತ್ತಿದ್ದ. ನನಗೆ ಕುರಿ ಗೊತ್ತಲ್ಲ, ಅದೇ ಸೊಕ್ಕು. ಕೊರಳಿಗೆ ಗಂಟೆ ಕಟ್ಟಿದ ಹೋತ ಆಗಲೇ ದಾಟಿತ್ತು, ಅದರ ಹಿಂದೆ ಹಿಂಡೂ ದಾಟಿತ್ತು, ಕಟ್ಟಕಡೆಯ ಕುಂಟು ಕುರಿ ಕೂಡ ಬಲದಂಚಿಗೆ ಹೋಗಿತ್ತು. ಹೋತ ಹೋದ ಮೇಲೆ ಹಿಂಡು ತಿರುಗಿ ಬರುವುದಿಲ್ಲ. ರಸ್ತೆ ಖಾಲಿಯಾಯಿತು ಎಂದು ನಿಲ್ಲದೆ ಮುಂದೆ ಬಿಟ್ಟೆ.

ಆಗ ಬಲದಂಚಿನಲ್ಲಿ ನಿಂತ ಹೆಂಗಸು ಕಂಡಳು. ನಮ್ಮವ್ವನ ವಯಸ್ಸು. ಕಂಬಳಿಯ ಮಡಿಲಲ್ಲಿ ಒಂದು ಮರಿ, ಆಗ ತಾನೇ ಹುಟ್ಟಿದ್ದು, ಮೈ ಇನ್ನೂ ಹಸಿ. ಅದು ಬಾಯಿ ತೆರೆದು ಕೂಗಿತು. ನನ್ನ ಕಿಟಕಿ ತೆರೆದೇ ಇತ್ತು, ಸರಿಯಾಗಿ ಕೇಳಿಸಿತು.

ಕುರಿಯವರ ಮನೆಯ ಮೂರು ವರ್ಷದ ಕೂಸಿಗೂ ಗೊತ್ತು, ಮರಿ ಆ ಕಡೆ ಇದ್ದರೆ ತಾಯಿ ಈ ಕಡೆ ನಿಲ್ಲುವುದಿಲ್ಲ. ಈದ ಕುರಿ ಹಿಂಡಿನ ಜೊತೆ ನಡೆಯಲಾರದೆ ಹಿಂದೆ ಉಳಿದಿರುತ್ತದೆ, ಮರಿಯ ಕೂಗು ಕಿವಿಗೆ ಬಿದ್ದರೆ ಎದುರಿಗೆ ಏನಿದೆ ಎಂದು ನೋಡದೆ ಓಡಿ ಬರುತ್ತದೆ. ಎಡಗಡೆಯ ಹುಲ್ಲಿನಲ್ಲಿ ಅದು ಏಳುವುದಕ್ಕೆ ಮೊದಲೇ ನನಗೆ ಗೊತ್ತಾಯಿತು. ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಿ ತುಳಿದಿದ್ದರೆ ಗಾಡಿ ನಿಲ್ಲುತ್ತಿತ್ತು.

ತುಳಿದರೆ ಉಸ್ತಾದರು ಎದ್ದುಬಿಡುತ್ತಾರೆ ಎಂದು ಅನ್ನಿಸಿತು. ಅಷ್ಟೇ ಅನ್ನಿಸಿದ್ದು.

ಸಲಾಕೆಯ ಲೋಡಿಗೆ ಜೋರು ಬ್ರೇಕ್ ಹೊಡೆಯಬಾರದು, ಸಲಾಕೆ ಮುಂದೆ ಜಾರಿ ಕ್ಯಾಬಿನ್ನಿಗೇ ನುಗ್ಗುತ್ತದೆ. ಆ ನೆಪ ನನಗೆ ಆಮೇಲೆ ಬಹಳ ದಿನ ಉಪಯೋಗಕ್ಕೆ ಬಂತು. ಆದರೆ ನಾನು ಸೈಕಲ್ಲಿಗಿಂತ ತುಸು ಹೆಚ್ಚಿನ ವೇಗದಲ್ಲಿದ್ದೆ. ಆ ವೇಗದಲ್ಲಿ ಯಾವ ಸಲಾಕೆಯೂ ಜಾರುವುದಿಲ್ಲ. ನಾನು ಮೆತ್ತಗೆ ಬ್ರೇಕ್ ಮುಟ್ಟಿದೆ, ಸಭ್ಯನ ಹಾಗೆ. ಮುಂದಿನ ಬಂಪರಿಗೆ 'ಧಪ್' ಎಂದು ಒಂದು ಸದ್ದು ಬಂತು.

"ಕ್ಯಾ ಹುವಾ ಬೇಟಾ?" ಎಂದರು ಹಿಂದಿನಿಂದ, ನಿದ್ದೆಗಣ್ಣಿನಲ್ಲೇ.

"ಗುಂಡಿರಿ ಉಸ್ತಾದ್."

ಅವರು ಮಗ್ಗುಲು ಬದಲಿಸಿದರು. ಗೊರಕೆ ಮತ್ತೆ ಶುರುವಾಯಿತು. ಕನ್ನಡಿಯಲ್ಲಿ ಆ ಹೆಂಗಸು ಮರಿಯನ್ನು ಎದೆಗೆ ಒತ್ತಿಕೊಂಡು ರಸ್ತೆಗೆ ಓಡಿ ಬಂದದ್ದು ಕಂಡಿತು. ಅವಳು ಕೈ ಎತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕುರಿಯ ಹತ್ತಿರ ಕುಳಿತುಬಿಟ್ಟಳು. ನಾನು ಗೇರ್ ಏರಿಸಿದೆ, ಅದೂ ಬೆಣ್ಣೆ ಮುಟ್ಟಿದ ಹಾಗೆಯೇ.

ಉಸ್ತಾದರು ಎದ್ದದ್ದು ಬೀದರಿನ ಬಯಲಿನಲ್ಲಿ, ನಾನು ಎಂಜಿನ್ ಬಂದ್ ಮಾಡಿದ ಮೇಲೆ. ಮುಖಕ್ಕೆ ನೀರು ಹೊಡೆದುಕೊಂಡು ನನ್ನ ಕಡೆ ತಿರುಗಿದರು.

"ಏಸೋ ವರ್ಷ ಆತು ಬೇಟಾ, ಹಿಂಗ ಮಲಗಿ. ಗಾಡಿ ಒಳಗ ಮಲಗೇನಂತ ಅನಸಲೇ ಇಲ್ಲ."

ನನ್ನ ಎದುರಿಗೇ ಮಾಲೀಕನಿಗೆ ಫೋನ್ ಹಚ್ಚಿದರು. "ಹುಡುಗ ತಯಾರಾಗ್ಯಾನರಿ. ನಂದ ಜವಾಬ್ದಾರಿ," ಎಂದರು. ಚಹಾ ಅಂಗಡಿಯವರು ಬಂದು ಬೆನ್ನಿಗೆ ಗುದ್ದಿದರು, ಯಾರೋ ಪೇಡೆ ತಂದರು. ನಾನು ಪೇಡೆ ಬಾಯಲ್ಲಿಟ್ಟುಕೊಂಡೇ ಒಂದು ಕೊಡ ನೀರು ತೆಗೆದುಕೊಂಡು ಲಾರಿಯ ಮುಂದೆ ಹೋದೆ. ಬಂಪರಿನ ಸಂದಿಯಲ್ಲಿ ಒಂದು ಹಿಡಿ ಉಣ್ಣೆ ಸಿಕ್ಕಿಕೊಂಡಿತ್ತು. ತಿಕ್ಕಿ ತಿಕ್ಕಿ ತೊಳೆದೆ. "ನೋಡ್ರೋ, ಗಾಡಿ ಸಿಗೂಕಿಂತ ಮೊದಲೇ ಎಷ್ಟು ಪ್ರೀತಿ ಮಾಡ್ತಾನ," ಎಂದು ಉಸ್ತಾದರು ಉಳಿದವರಿಗೆ ತೋರಿಸಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಮನೆಯಲ್ಲಿ ಅವ್ವ ಹೋಳಿಗೆ ಮಾಡಿದಳು. ಅಪ್ಪ ಸಂಜೆ ಕುರಿ ಹೊಡೆದುಕೊಂಡು ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ಮಂವ ಡ್ರೈವರ್ ಆದ," ಎಂದು ಹೇಳುತ್ತಿದ್ದುದು ನನಗೆ ಅಂಗಳದಿಂದಲೇ ಕೇಳಿಸುತ್ತಿತ್ತು. ನಾನು ಹೋಳಿಗೆಯ ತಟ್ಟೆ ಬದಿಗೆ ಸರಿಸಿದೆ. ಆ ಮರಿ ಹಾಲಿಲ್ಲದೆ ಎಷ್ಟು ದಿನ ತಾಳೀತು ಎಂಬ ಲೆಕ್ಕ ನನಗೆ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮೋಟರ್ ಸೈಕಲ್ ತೆಗೆದುಕೊಂಡು ಭಾಲ್ಕಿಯ ಮೇಲಿಂದ ಔರಾದ್ ರಸ್ತೆಗೆ ಹೋದೆ. ನಮ್ಮಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕುರಿ ಸತ್ತರೆ ಪಂಚಾಯಿತಿ ಮಾಡುವುದಿಲ್ಲ, ಕುರಿಗೆ ಕುರಿ ಕೊಟ್ಟುಬಿಡುತ್ತೇವೆ. ನಾನೇ ಹೊಡೆದದ್ದು, ನಮ್ಮ ಹಟ್ಟಿಗೆ ಬಂದು ನಿಮಗೆ ಬೇಕಾದ ಕುರಿ ಆರಿಸಿಕೊಳ್ಳಿ ಎಂದು ಹೇಳಿಬಿಡಬೇಕು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ.

ಹಿಂಡು ರಸ್ತೆಯಿಂದ ಸ್ವಲ್ಪ ಒಳಗೆ, ತೊಗರಿ ಕೊಯ್ದ ಒಂದು ಹೊಲದಲ್ಲಿ ತಂಗಿತ್ತು. ಆ ಹೆಂಗಸು ಒಬ್ಬಳೇ ಒಂದು ಕುರಿಯ ಜೊತೆ ಗುದ್ದಾಡುತ್ತಿದ್ದಳು. ಅದರ ಮೊಲೆಗೆ ಮರಿಯನ್ನು ಹಚ್ಚಬೇಕು, ಆ ಕುರಿ ಒದೆಯುತ್ತಿತ್ತು. ಅದೇ ಮರಿ. ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ತಮ್ಮಾ, ಒಂದೀಟು ಇದರ ಕಾಲ ಹಿಡಿತಿಯೇನು?" ಎಂದಳು. "ಬ್ಯಾರೆ ಮರಿಗಿ ನಿಲ್ಲವಲ್ದು ಇದು."

ನಾನು ಕುಳಿತು ಕುರಿಯ ಹಿಂಗಾಲನ್ನು ನನ್ನ ಮೊಣಕಾಲ ಸಂದಿಗೆ ಸಿಗಿಸಿ ಹಿಡಿದೆ. ಅದು ನಿಂತಿತು. ಮರಿ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಮೊಲೆ ಹಿಡಿಯಿತು.

"ಇದರ ತಾಯೀನ ಮೊನ್ನಿ ಲಾರಿ ಹೊಡೀತು," ಎಂದಳು, ನಾನು ಕೇಳದಿದ್ದರೂ.

"ನಿಲ್ಲಸಲಿಲ್ಲೇನವ್ವಾ?"

"ಅಂವ ನೋಡಿಲ್ಲ ತಮ್ಮಾ. ನೋಡಿದ್ರ ನಿಂದ್ರತಿದ್ದ. ಅಂವನೂ ಮನಷಾನೇ ಅಲ್ಲೇನು."

ಬಾಯಿಪಾಠ ಮಾಡಿದ್ದೆಲ್ಲ ಅಲ್ಲಿಗೆ ನಿಂತಿತು. ಅವಳು ಬೈದಿದ್ದರೆ ಹೇಳಿಬಿಡುತ್ತಿದ್ದೆ, ದೇವರಾಣೆ. ನಾನು ಕುರಿಯ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಮರಿಯ ಬಾಲ ಅಲ್ಲಾಡತೊಡಗಿತು, ಹೊಟ್ಟೆಗೆ ಹಾಲು ಇಳಿಯುತ್ತಿತ್ತು.

"ಯಾವೂರಪ್ಪಾ ನಿಂದು? ಏನ ಕೆಲಸಾ ಮಾಡ್ತಿ?" ಎಂದು ಕೇಳಿದಳು.

ಡ್ರೈವರ್ ಆದ ಮೇಲೆ ಹೊರಗಿನವರೊಬ್ಬರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಭಾಲ್ಕಿ ಕಡಿಯಂವರಿ," ಎಂದೆ. "ಕುರಿ ಕಾಯ್ತೇನಿ."

"ಕೈ ನೋಡಿದ್ರೇ ತಿಳೀತದ ಬಿಡು," ಎಂದು ಅವಳು ಮರಿಯನ್ನು ಇನ್ನೊಂದು ಮೊಲೆಗೆ ಹಚ್ಚಿದಳು.