ಹನ್ನೆರಡು ಸಾಕ್ಷಿಗಳ ಮುಂದೆ ತಾಮು

ಕಾಸಾಬ್ಲಾಂಕಾದ ಅಂಚಿನ ತಗಡು ಮನೆಗಳ ಕೇರಿಯಲ್ಲಿ ತಾಮುವಿನ ಬಾಯಿಗೆ ಹೆದರದವರಿಲ್ಲ. ಬೆಳಗಾದರೆ ಬಾಗಿಲ ಮುಂದೆ ಕಾವಲಿ ಇಟ್ಟು ಪದರ ರೊಟ್ಟಿ ಮಾರುವಳು. ರೊಟ್ಟಿಯ ಜೊತೆ ಬೈಗುಳ ಪುಕ್ಕಟೆ. ಆದರೆ ನೆಲೆಯಿಲ್ಲದೆ ನಿಂತವರನ್ನು ಕಂಡರೆ ಆಕೆಯ ಕರುಳು ಚುರುಕ್ ಎನ್ನುತ್ತಿತ್ತು. ಒಂಬತ್ತು ವರ್ಷದ ಹಿಂದೆ, ಗಂಡ ಹೊರಹಾಕಿದ ಇಜ್ಜಾ ಎಂಬ ಹೆಂಗಸು ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಎರಡು ದಿನದ ಮಟ್ಟಿಗೆ ಜಾಗ ಕೇಳಿದಳು. ತಾಮು ನಡುವೆ ಒಂದು ಪರದೆ ಕಟ್ಟಿದಳು. ಪರದೆ ಹೋಗಿ ಹಲಗೆಯ ಗೋಡೆ ಬಂತು. ಇಜ್ಜಾ ಊರ ಸ್ನಾನದ ಮನೆಯಲ್ಲಿ ಹೆಂಗಸರ ಮೈ ಉಜ್ಜುವ ಕೆಲಸ ಹಿಡಿದಳು, ತನ್ನದೇ ಒಲೆ ಹೂಡಿದಳು. ಬಾಗಿಲು ಮಾತ್ರ ಒಂದೇ ಉಳಿಯಿತು.

ಎಡವಟ್ಟಾದದ್ದು ತಾಮುವಿನ ಒಳ್ಳೆಯತನದಿಂದಲೇ. ಕೇರಿಯನ್ನು ಕೆಡವಿ ಪ್ರತಿ ಸಂಸಾರಕ್ಕೂ ಒಂದೊಂದು ಫ್ಲ್ಯಾಟು ಕೊಡುವುದೆಂದು ಸರ್ಕಾರ ಗೊತ್ತುಮಾಡಿ, ಎಣಿಸಲು ಜನ ಕಳಿಸಿತು. ತಾಮು ಅವರಿಗೆ ಪುದೀನಾ ಚಹಾ ಕೊಟ್ಟಳು. ಅವರು ಇಜ್ಜಾಳನ್ನು ತೋರಿಸಿ ಈಕೆ ಯಾರೆಂದು ಕೇಳಿದರು. ಒಂದೇ ಸೂರಿನಡಿ ಇರುವವಳನ್ನು ಅವಳೆದುರಿಗೇ ಹೊರಗಿನವಳೆನ್ನಲು ಅಲ್ಲಿಯ ಯಾವ ಹೆಣ್ಣಿಗೆ ನಾಲಿಗೆ ಬಂದೀತು? "ನಮ್ಮನೆಯವಳೇ," ಎಂದಳು ತಾಮು. ಅವರು ಒಂದೇ ಸಂಸಾರವೆಂದು ಬರೆದುಕೊಂಡು, ಬಾಗಿಲಿಗೆ ಒಂದೇ ನಂಬರು ಬಳಿದು ಹೋದರು.

ಪಟ್ಟಿ ಅಂಟಿಸಿದಾಗ ಗೊತ್ತಾಯಿತು. ಎರಡು ಕೋಣೆಯ ಒಂದೇ ಫ್ಲ್ಯಾಟು; ತಾಮುವಿನ ಮಗ, ಸೊಸೆ, ಮೂರು ಮೊಮ್ಮಕ್ಕಳಿಗೇ ಸಾಲದು. ಕೀಲಿ ಕೈಗೆ ಬಂದ ದಿನವೇ ಹಳೆಯ ಮನೆ ನೆಲಸಮ. ಅಲ್ಲಿಗೆ ಇಜ್ಜಾ ಮತ್ತು ಮಗಳು ಬೀದಿಗೆ. ಇಜ್ಜಾ ಎಂದಿನಂತೆ ಕೆಲಸಕ್ಕೆ ಹೊರಟಳು, ಅದೇ ತಾಮುವಿಗೆ ಹೆಚ್ಚು ಸಂಕಟವಾಯಿತು.

ಕೇರಿಯ ಮೇಲೆ ಸರ್ಕಾರದ ಕಣ್ಣಾಗಿದ್ದ ಮುಕದ್ದಮ ಒಂದೇ ದಾರಿ ಹೇಳಿದ. ಇವೆರಡು ಬೇರೆ ಸಂಸಾರ, ಇವರಿಗೆ ಯಾವ ಸಂಬಂಧವೂ ಇಲ್ಲವೆಂದು ಹನ್ನೆರಡು ಗಂಡಸರು ಧರ್ಮಶಾಸ್ತ್ರದ ನೋಟರಿಯಾದ ಅದೂಲರ ಮುಂದೆ ಸಾಕ್ಷಿ ಹೇಳಬೇಕು, ಅದೂಲರು ದಸ್ತಾವೇಜು ಬರೆದು ಮೊಹರು ಹಾಕಬೇಕು. ಪಟ್ಟಿ ಮತ್ತೆ ಬಿಚ್ಚಿದರೆ ತಮ್ಮ ಕೀಲಿಯೂ ತಡವಾದೀತೆಂದು ಕೇರಿಯವರಿಗೆ ಭಯ. ತಾಮು ಬಿಟ್ಟಾಳೆಯೇ! ಮೀನು ಮಾರುವ ಬುಶ್ತಾ ನುಣುಚಿಕೊಳ್ಳಲು ನೋಡಿದಾಗ, ಅವನ ಹೆಂಡತಿಯ ಹೆರಿಗೆಗೆ ಬಿಸಿನೀರು ಹೊತ್ತವರು ಯಾರೆಂದು ಬೀದಿಯಲ್ಲಿ ನಿಂತೇ ವಿಚಾರಿಸಿದಳು. ಮರುದಿನ ಹನ್ನೆರಡು ಗಂಡಸರು ಹಾಜರಾದರು, ಬುಶ್ತಾ ಎಲ್ಲರಿಗಿಂತ ಮುಂದೆ.

ಅವರ ಹೇಳಿಕೆ ಮುಗಿದ ಮೇಲೆ ಮುದುಕ ಅದೂಲರು ತಾಮುವಿನತ್ತ ತಿರುಗಿ, ಒಂದೇ ತಟ್ಟೆಯಲ್ಲಿ ಉಣ್ಣುತ್ತೀರಾ ಎಂದರು.

"ಶುಕ್ರವಾರದ ಕುಸ್ಕುಸ್ ಮಾತ್ರ, ಹಾಜಿ."

"ಶುಕ್ರವಾರ ಕೇರಿಯೆಲ್ಲಾ ಒಂದೇ ತಟ್ಟೆ. ಅದನ್ನ ಬರೆಯೋದು ಬೇಡ. ಇವಳು ನಿನಗೆ ಏನಾಗಬೇಕು?"

ತಾಮು ಎದುರಿನ ಗೋಡೆಯನ್ನು ನೋಡಿದಳು. "ಏನೂ ಆಗಬೇಕಿಲ್ಲ. ಹೊರಗಿನವಳು."

ಅದೂಲರು ಅದನ್ನೇ ಇಜ್ಜಾಳಿಗೂ ಕೇಳಿದರು. ಆಕೆ ತಲೆ ತಗ್ಗಿಸಿ, ನನ್ನ ಬಾಯಲ್ಲಿ ಅದು ಬರೋದಿಲ್ಲ ಎಂದಳು. ಅದೂಲರು ಪೆನ್ನು ಕೆಳಗಿಟ್ಟರು. ಹಾಗಾದರೆ ಬರೆಯಲು ತಮಗೂ ಬರುವುದಿಲ್ಲ ಎಂದರು.

ತಾಮುವಿಗೆ ಸಿಟ್ಟು ಬಂತು, ಅಳುವೂ ಬಂತು. ಇಜ್ಜಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಒಂಬತ್ತು ವರ್ಷದಲ್ಲಿ ನಿನ್ನತ್ರ ಏನಾದ್ರೂ ಕೇಳಿದೀನೇನೇ? ಇವತ್ತು ಕೇಳ್ತಿದೀನಿ. ನಿನ್ನ ಮಗಳ ಮುಖ ನೋಡಿ ಹೇಳು. ನಾನು ನಿನಗೆ ಯಾರು?"

"ಯಾರೂ ಅಲ್ಲ, ಅಕ್ಕಾ," ಎಂದಳು ಇಜ್ಜಾ.

ಹನ್ನೆರಡು ಗಂಡಸರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಅದೂಲರು ಹಿಡಿದ ಕೈಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಈ ಇಬ್ಬರು ಹೆಂಗಸರಿಗೆ ಪರಸ್ಪರ ಯಾವ ಸಂಬಂಧವೂ ಇಲ್ಲ ಎಂದು ನಿಧಾನವಾಗಿ ಬರೆದು ಮೊಹರು ಒತ್ತಿದರು.