ಇನ್ನೂ ಐವತ್ತೆಂಟು ಉಂಟು

ನನ್ನ ಮಾವನವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ತುಸು ಮೇಲಕ್ಕೆ ಎದ್ದು ನಿಂತಿರುತ್ತಿತ್ತು. ಉಗುರು ನಡುವೆ ಸೀಳಿತ್ತು. ಕಾರಿಗೆ ಹತ್ತಿದ ಕೂಡಲೇ ಅವರು ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಆಮೇಲೆ ಆ ಒಂದೇ ಬೆರಳನ್ನು ಆಕ್ಸಿಲರೇಟರಿನ ಮೇಲಿಟ್ಟು, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಮೆಲ್ಲಗೆ ಒತ್ತುತ್ತಿದ್ದರು. "ಚಪ್ಪಲಿ ಹಾಕಿದ್ರೆ ಕಾಲಿಗೆ ಗೊತ್ತಾಗುದಿಲ್ಲ ಮಾರಾಯ್ತಿ, ಇದು ಎಷ್ಟು ಕುಡೀತಾ ಉಂಟು ಅಂತ" ಎನ್ನುತ್ತಿದ್ದರು. ಕುಡಿಯುತ್ತಿದ್ದದ್ದು ಅವರ ಎಂಟು ಸಿಲಿಂಡರಿನ ಕಾರು, ಪೆಟ್ರೋಲನ್ನು.

ಉಡುಪಿ ಕಡೆಯ ಅವರು ಡೊಂಬಿವಲಿ ಪೂರ್ವದಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ನಾನು ಮೈಸೂರಿನವಳು, ಸಿ.ಎ. ಓದುತ್ತಲೇ ಮದುವೆಯಾಗಿ ಅವರ ಮನೆಗೆ ಬಂದವಳು. ಆ ಮನೆಯಲ್ಲಿ ಮಾವ, ಅತ್ತೆ ತಮ್ಮ ತಮ್ಮಲ್ಲಿ ಮಾತಾಡುವುದು ತುಳು. ಇಲ್ಲೇ ಹುಟ್ಟಿ ಬೆಳೆದ ನನ್ನ ಗಂಡ ಅವರಿಗೆ ಉತ್ತರ ಕೊಡುವುದು ಹಿಂದಿಯಲ್ಲಿ. ನನಗೋಸ್ಕರ ಎಂದೇ ಸದಾ ಕನ್ನಡ ಆಡುತ್ತಿದ್ದವರು ಮಾವ ಒಬ್ಬರೇ, ಅತ್ತೆ ಅಪರೂಪಕ್ಕೊಮ್ಮೆ.

ಆ ಕಾರು ಅವರ ಕೈಗೆ ಬಂದದ್ದು ಠಾಕುರ್ಲಿಯಲ್ಲಿ ಕಟ್ಟಡ ಕಟ್ಟಿಸುತ್ತಿದ್ದ ಒಬ್ಬ ಬಿಲ್ಡರನಿಂದ. ಆತ ಊರು ಬಿಡುವಾಗ, ಹತ್ತು ವರ್ಷ ಓಡಿಸಿದ್ದ ತನ್ನ ದೊಡ್ಡ ಕಾರನ್ನು ದಿನಾ ಇಡ್ಲಿ ತಿಂದ ಋಣಕ್ಕೆಂಬಂತೆ ಅಗ್ಗಕ್ಕೆ ಮಾವನಿಗೆ ಬಿಟ್ಟುಹೋದ. ಕರಿಯ ಬಣ್ಣ, ಚರ್ಮದ ಸೀಟು, ನಮ್ಮ ಅಡುಗೆಮನೆಯಷ್ಟು ಉದ್ದದ ಬಾನೆಟ್ಟು. "ನಮ್ಮ ಹೋಟೆಲಿಗೆ ದಿನಕ್ಕೆ ಎರಡು ಸಿಲಿಂಡರ್ ಸಾಕು. ಇದಕ್ಕೆ ಎಂಟು!" ಎಂದು ಗಿರಾಕಿಗಳಿಗೆ ಹೇಳಿ ತಾವೇ ಮೊದಲು ನಗುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಲೀಟರಿಗೆ ಹನ್ನೊಂದು ಕಿಲೋಮೀಟರ್ ಎಂದು ಅಚ್ಚಾಗಿತ್ತು. ಡೊಂಬಿವಲಿಯ ರಸ್ತೆಯಲ್ಲಿ ಅದು ನಾಲ್ಕು ಕೊಟ್ಟರೆ ಹೆಚ್ಚು. ಇದನ್ನು ಮಾವ ಒಪ್ಪಲೇ ಇಲ್ಲ. ಅವರ ಹೋಟೆಲಿನಲ್ಲಿ ಒಂದು ಕರಿಹಲಗೆ ಇತ್ತು. ಅದರಲ್ಲಿ ಬರೆದದ್ದು ಒಳಗೆ ಇರಲೇಬೇಕು. ಬನ್ಸ್ ಮುಗಿಯಿತೆಂದರೆ ಗಲ್ಲಾ ಬಿಟ್ಟು ಎದ್ದುಬಂದು ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ ಮತ್ತೊಬ್ಬ ಗಿರಾಕಿಯ ಮುಖ ನೋಡುತ್ತಿದ್ದರು. "ಬರೆದ ಮೇಲೆ ಕೊಡ್ಬೇಕು. ಕಂಪನಿಯವರು ಬರ್ದಿದ್ದಾರೆ, ಅವ್ರು ಸುಳ್ಳು ಬರೀತಾರಾ? ಓಡಿಸುವವನದ್ದೇ ತಪ್ಪು" ಎಂಬುದು ಅವರ ವಾದ. ಆ ತಪ್ಪನ್ನು ತಿದ್ದುವುದಕ್ಕೆ ನಮ್ಮೆಲ್ಲರ ಜೀವ ತಿಂದರು.

ಒಮ್ಮೆ ಮನೆಮಂದಿಯೆಲ್ಲ ಟಿಟ್ವಾಳಾದ ಗಣಪತಿಗೆ ಹೋದೆವು. ಮೇ ತಿಂಗಳು. ಎಸಿ ಹಾಕಿದರೆ ಪೆಟ್ರೋಲ್ ಕುಡಿಯುತ್ತದೆ, ಆದ್ದರಿಂದ ಎಸಿ ಇಲ್ಲ. ಕಿಟಕಿ ತೆಗೆದರೆ ಗಾಳಿ ಹಿಡಿದು ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಆದ್ದರಿಂದ ಕಿಟಕಿಯೂ ಇಲ್ಲ. ಆ ಮೆತ್ತನೆಯ ಸೀಟಿನಲ್ಲಿ ನಾವು ನಾಲ್ವರೂ ಬೆವರಿ ತೊಪ್ಪೆಯಾದೆವು. ಭಾರ ಕಡಿಮೆಯಾಗಲಿ ಎಂದು ಅವರು ಹಿಂದಿನ ದಿನವೇ ಸ್ಟೆಪ್ನಿ ಟೈರನ್ನು ಇಳಿಸಿ ಮನೆಯ ಬಾಲ್ಕನಿಯಲ್ಲಿ ಇಟ್ಟಿದ್ದರು. ಅತ್ತೆ ತಂದಿದ್ದ ನೀರಿನ ಕ್ಯಾನನ್ನು ಎತ್ತಿ ನೋಡಿ, "ಅಲ್ಲಿ ನೀರು ಸಿಗುದಿಲ್ವಾ?" ಎಂದರು.

"ನಾನೂ ಇಳೀತೇನೆ, ಐವತ್ತೆಂಟು ಕೆಜಿ ಉಳೀತದೆ" ಎಂದರು ಅತ್ತೆ. ಗಂಡ ನನ್ನ ಕಿವಿಯಲ್ಲಿ, "ಪಪ್ಪಾ ಐಸೇ ಹೀ ಹೈ, ಛೋಡ್ ನಾ" ಎಂದ. ಅವರು ಇರುವುದೇ ಹಾಗೆ, ಬಿಡು ಎಂದು ಕಣ್ಣು ಮುಚ್ಚಿಕೊಂಡ.

ನನಗೆ ಮಾತ್ರ ಬಿಡುವುದಕ್ಕೆ ಆಗುತ್ತಿರಲಿಲ್ಲ. ಸ್ಟೇರಿಂಗಿನ ಹಿಂದೆ ಒಂದು ಪುಟ್ಟ ಪರದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿಗೆ ಕಾರು ಇನ್ನೆಷ್ಟು ಕಿಲೋಮೀಟರ್ ಹೋದೀತು ಎಂದು ಅದು ತೋರಿಸುತ್ತಿತ್ತು. ಹೈವೇಯಲ್ಲಿ ಒಂದೇ ಹದದಲ್ಲಿ ಹೋದಾಗ ಆ ಸಂಖ್ಯೆ ಇಳಿಯುವ ಬದಲು ಏರುವುದೂ ಇತ್ತು. ಆಗ ಮಾವನ ಸಂತೋಷ ನೋಡಬೇಕಿತ್ತು. "ನೋಡಿದ್ಯಾ? ಇಪ್ಪತ್ತು ಕಿಲೋಮೀಟರ್ ಓಡಿ ಆಯ್ತು, ಆರು ಜಾಸ್ತಿ ತೋರಿಸ್ತಾ ಉಂಟು!"

"ಅದು ಅಂದಾಜು ಮಾವ. ಇಲ್ಲೀವರೆಗೆ ಹೇಗೆ ಓಡಿಸಿದ್ರೋ ಮುಂದೆಯೂ ಹಾಗೇ ಓಡಿಸ್ತೀರಿ ಅಂದ್ಕೊಂಡು ಹೇಳತ್ತೆ, ಅಷ್ಟೇ."

"ಕಂಪ್ಯೂಟರ್ ಮಾರಾಯ್ತಿ ಅದು. ಬರೆದು ತೋರಿಸ್ತಾ ಉಂಟು."

ಅವರನ್ನು ಬರೀ ಬೈಯುವುದಕ್ಕೆ ನನಗೆ ಬಾಯಿಯೂ ಬರುವುದಿಲ್ಲ. ನಾನು ಆ ಮನೆಗೆ ಬಂದಾಗ ಸಿ.ಎ. ಕೊನೆಯ ಹಂತದ ಎರಡನೇ ಗ್ರೂಪಿನಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯದಕ್ಕೆ ಕಟ್ಟುವ ಮನಸ್ಸೇ ಇರಲಿಲ್ಲ. ಮಾವ ಹೋಟೆಲಿನ ಮೇಲಿನ ಉಗ್ರಾಣದಿಂದ ಅಕ್ಕಿ ಚೀಲ ಸರಿಸಿ, ಮೇಜು ಹಾಕಿಸಿ, ಫ್ಯಾನ್ ಹಾಕಿಸಿ ಕೊಟ್ಟರು. "ಕಲಿಯುವವಳನ್ನು ಒಳಗೆ ಕರೀಬೇಡ" ಎಂದು ಅತ್ತೆಗೆ ಹೇಳಿದರು. ಹತ್ತೂವರೆಗೊಮ್ಮೆ, ನಾಲ್ಕಕ್ಕೊಮ್ಮೆ ತಾವೇ ಮೆಟ್ಟಿಲು ಹತ್ತಿ ಬಂದು ಕಾಫಿ ಇಟ್ಟು, ಒಂದು ಮಾತೂ ಆಡದೆ ಇಳಿದು ಹೋಗುತ್ತಿದ್ದರು. ಎಂಟು ತಿಂಗಳು ಹೀಗೆ ನಡೆಯಿತು. ನನ್ನ ಹೆತ್ತವರೂ ಅಷ್ಟು ತಾಳ್ಮೆಯಿಂದ ಇರಲಿಲ್ಲ.

ಆ ಮೂರನೆಯ ಸಲದ ಕೊನೆಯ ಪೇಪರು ಒಂದು ಭಾನುವಾರ ಬಂತು. ಮೊದಲಿನ ಪೇಪರುಗಳನ್ನು ಚೆನ್ನಾಗಿ ಬರೆದಿದ್ದೆ. ಒಂದು ಪೇಪರ್ ತಪ್ಪಿದರೂ ಇಡೀ ಗ್ರೂಪು ಹೋದಂತೆ. ಕೇಂದ್ರ ಕೋಪರಖೈರಣೆಯಲ್ಲಿ, ಎರಡು ಗಂಟೆಗೆ ಶುರು, ಎರಡೂವರೆಯ ಮೇಲೆ ಒಳಗೆ ಬಿಡುವುದಿಲ್ಲ. ಅಂದು ಠಾಣೆಯಿಂದ ಆ ಕಡೆಗೆ ಹೋಗುವ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಹನ್ನೊಂದರಿಂದ ನಾಲ್ಕರವರೆಗೆ ಲೋಕಲ್ ಟ್ರೇನ್ ಇಲ್ಲ. ನಾನು ಒಂಬತ್ತಕ್ಕೇ ಹೊರಟು ಅಲ್ಲೇ ಎಲ್ಲಾದರೂ ಕೂತಿರುತ್ತೇನೆ ಎಂದೆ.

"ಎಂತಕ್ಕೆ? ಮನೆಯಲ್ಲಿ ಊಟ ಮಾಡಿ ಹೊರಡು. ನಾನು ಕಾರಲ್ಲಿ ಬಿಡ್ತೇನೆ. ಇಪ್ಪತ್ತೈದು ಕಿಲೋಮೀಟರ್, ಒಂದು ಗಂಟೆ" ಎಂದರು ಮಾವ. ಅತ್ತೆಯೂ ದನಿಗೂಡಿಸಿದರು. ನನ್ನ ಬುದ್ಧಿಗೆ ಏನಾಗಿತ್ತೋ, ಒಪ್ಪಿದೆ.

ಹನ್ನೊಂದೂಮುಕ್ಕಾಲಿಗೆ ಹೊರಟೆವು. ನನ್ನನ್ನು ಹಿಂದಿನ ಸೀಟಿನಲ್ಲಿ ಸೇಠಾಣಿಯ ಹಾಗೆ ಕೂರಿಸಿ, ಓದಿಕೋ ಎಂದರು. ನಾನು ತಲೆ ಎತ್ತಲಿಲ್ಲ. ಊರು ದಾಟುವ ಮುಂಚೆ ಪೆಟ್ರೋಲ್ ಪಂಪಿನ ಎದುರು ಕಾರು ನಿಧಾನವಾಯಿತು. ಉದ್ದ ಸಾಲು ಇತ್ತು.

"ಪೆಟ್ರೋಲ್ ಮತ್ತೆ ಹಾಕಿದ್ರೆ ಆಗ್ತದಲ್ಲ?" ಎಂದರು ಮಾವ.

"ಅವಸರ ಇಲ್ಲ ಮಾವ, ಮೊದಲು ನನ್ನ ಬಿಡಿ" ಎಂದೆ.

ಕಾರು ಮುಂದೆ ಹೋಯಿತು. ಶಿಳ್‌ಫಾಟಾದ ರಸ್ತೆಯಲ್ಲಿ ಒಂದು ಟ್ರೇಲರ್ ಅಡ್ಡ ನಿಂತು, ಹಿಂದೆ ಮೈಲುಗಟ್ಟಲೆ ವಾಹನ. ಮಾರುದ್ದ ಸರಿಯುವುದು, ನಿಲ್ಲುವುದು. ಎಷ್ಟೋ ಹೊತ್ತಿನ ಮೇಲೆ ನನಗೆ ಚಳಿಯಾಗಿ ದುಪಟ್ಟಾ ಹೊದ್ದುಕೊಂಡೆ. ಆಗ ಹೊಳೆಯಿತು, ಎಸಿ ಹಾಕಿದ್ದರು. ಆ ಕಾರಿನಲ್ಲಿ ನಾನು ಎಸಿ ಕಂಡದ್ದು ಅದೇ ಮೊದಲು. ಅದಾಗಿ ಸ್ವಲ್ಪ ಹೊತ್ತಿಗೆ ಕಾರು ಕೆಮ್ಮಿತು, ಒಮ್ಮೆ ಜರ್ಕು ಹೊಡೆದು ನಿಂತಿತು. ಗಂಟೆ ಒಂದು ಹತ್ತು.

ಪರದೆಯಲ್ಲಿ ಸಂಖ್ಯೆಯೇ ಇರಲಿಲ್ಲ, ಮೂರು ಅಡ್ಡಗೆರೆ ಇತ್ತು. ಮಾವ ಅದನ್ನೇ ನೋಡುತ್ತ ಕೂತಿದ್ದರು. "ಹೊರಡುವಾಗ ಐವತ್ತೆಂಟು ಇತ್ತು. ಸರಿಯಾಗಿ ನೋಡಿದ್ದೇನೆ, ಇನ್ನೂ ಐವತ್ತೆಂಟು ಉಂಟು ಅಂತ ತೋರಿಸ್ತಾ ಇತ್ತು. ನಾವು ಬಂದದ್ದು ಹತ್ತು."

"ಐವತ್ತೆಂಟಾ? ಟ್ಯಾಂಕ್ ತುಂಬಿಸಿರಲಿಲ್ವಾ? ಮತ್ತೆ ಹಾಕಿದ್ರೆ ಆಗತ್ತಾ ಅಂದ್ರಲ್ಲ! ಒಂದ್ಸಲ ಹಾಕಿದ್ರೆ ತಾನೆ ಮತ್ತೆ?"

"ಮತ್ತೆ ಅಂದ್ರೆ ಮತ್ತೆ. ನಿನ್ನ ಬಿಟ್ಟ ಮೇಲೆ. ನೀನೂ ಅವಸರ ಇಲ್ಲ ಅಂದಿದ್ದಿ."

ಅವರ ಕಡೆ ಮತ್ತೆ ಎಂದರೆ ಆಮೇಲೆ. ನಮ್ಮ ಕಡೆ ಮತ್ತೆ ಎಂದರೆ ಇನ್ನೊಂದು ಸಲ. ಬೆಳಿಗ್ಗೆಯೇ ತುಂಬಿಸಿದ್ದಾರೆ, ಇನ್ನೊಂದಿಷ್ಟು ಸುರಿಸುವ ಚಟ ಎಂದುಕೊಂಡಿದ್ದೆ ನಾನು. ಎಂಟು ತಿಂಗಳು ಒಂದೇ ಸೂರಿನ ಕೆಳಗೆ ಕನ್ನಡವನ್ನೇ ಆಡಿದ್ದೆವು, ಇಬ್ಬರೂ. ಹಿಂದಿನ ದಿನ ಅವರು ಒಂದು ಕೇಟರಿಂಗ್ ಮಾತುಕತೆಗೆ ಎಕ್ಸ್‌ಪ್ರೆಸ್ ಹೈವೇಯಲ್ಲಿ ಖೊಪೋಲಿಗೆ ಹೋಗಿ ಬಂದಿದ್ದರಂತೆ. ಕಾರು ಆ ಓಟದ ಗುಂಗಿನಲ್ಲೇ ಐವತ್ತೆಂಟು ಎಂದಿತ್ತು. ಶಿಳ್‌ಫಾಟಾದ ಟ್ರೇಲರ್ ಅದಕ್ಕೇನು ಗೊತ್ತು?

ಆಮೇಲೆ ಮಾವ ಓಡಿದರು. ಅರವತ್ತಾರರ ಮನುಷ್ಯ, ಬರಿಗಾಲಲ್ಲಿ, ಕಾದ ಟಾರಿನ ಮೇಲೆ, ಲಾರಿಗಳ ಸಂದಿಯಲ್ಲಿ. ರಿಕ್ಷಾಗಳು ಇದ್ದವು, ಅವೂ ಸಿಕ್ಕಿಕೊಂಡಿದ್ದವು. ಬೈಕಿನವರಿಗೆಲ್ಲ ಕೈ ಅಡ್ಡ ಹಿಡಿದರು. ಅರ್ಧ ಗಂಟೆ ಕಳೆದು, ಸ್ಕೂಟರಿನಲ್ಲಿ ತರಕಾರಿ ಮೂಟೆ ಹೇರಿಕೊಂಡು ಹೊರಟಿದ್ದ ಒಬ್ಬರು ನಿಂತರು. ಮಾವ ಕೈ ಮುಗಿದು, "ದಾದಾ, ಮುಲೀಚಾ ಪೇಪರ್ ಆಹೆ" ಎಂದರು. ಮಗಳ ಪೇಪರು ಎಂದರು. ಆ ಮಾತು ಕಿವಿಗೆ ಬಿದ್ದರೂ ನನ್ನ ಸಿಟ್ಟು ಇಳಿಯಲಿಲ್ಲ. ಮೂಟೆಯನ್ನು ತಾವು ಇಳಿಸಿಟ್ಟುಕೊಂಡು ನನ್ನನ್ನು ಹತ್ತಿಸಿದರು.

ಸ್ಕೂಟರೂ ಲಾರಿಗಳ ನಡುವೆ ನಿಂತು ನಿಂತು, ಗೇಟು ತಲುಪಿದಾಗ ಎರಡು ನಲವತ್ತೊಂದು. ಕೈಮುಗಿದೆ, ಅತ್ತುಬಿಟ್ಟೆ, ಹಾಲ್ ಟಿಕೆಟ್ ತೋರಿಸಿದೆ. ಗೇಟಿನವರು ಪಾಪ, ಒಳ್ಳೆಯವರೇ. ತಲೆಯಲ್ಲಾಡಿಸಿ ಗಡಿಯಾರ ತೋರಿಸಿದರು. ಹನ್ನೊಂದು ನಿಮಿಷಕ್ಕೆ ನನ್ನ ಎಂಟು ತಿಂಗಳು ಹೋಯಿತು, ಮುಂದಿನ ಪರೀಕ್ಷೆಗೆ ಇನ್ನು ಆರು ತಿಂಗಳು.

ಸಂಜೆ ಮನೆಯಲ್ಲಿ ನಾನು ಆಡಬಾರದ್ದನ್ನೆಲ್ಲ ಆಡಿದೆ. "ನಿಮ್ಮ ಜಿಪುಣತನಕ್ಕೆ ಈ ಕಾರು ಯಾಕೆ ಬೇಕಿತ್ತು?" ಎಂದೂ ಕೇಳಿದೆ. ಮಾವ ಅಂಗಾಲಿಗೆ ಬೆಣ್ಣೆ ಸವರಿಕೊಳ್ಳುತ್ತ ಕೂತಿದ್ದರು, ಬೊಬ್ಬೆ ಬಂದಿತ್ತು. ಅದೂ ನನಗೆ ಸಿಟ್ಟು ಬರಿಸಿತು. ಆಮೇಲೆ ಎರಡು ತಿಂಗಳು ಅವರ ಕಾಫಿಗೆ ನಾನು "ಹೂಂ" ಎಂದದ್ದು ಬಿಟ್ಟರೆ ಮಾತಿಲ್ಲ. ಅವರು ಮಾತ್ರ ಹತ್ತೂವರೆಗೆ, ನಾಲ್ಕಕ್ಕೆ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಲಿಲ್ಲ.

ಒಂದು ದಿನ ಕಾಫಿಯ ಜೊತೆ ಒಂದು ಹಾಳೆ ಇತ್ತು. ಎಂಟು ಭಾನುವಾರ, ಅದೇ ಹೊತ್ತಿಗೆ, ಅದೇ ರಸ್ತೆಯಲ್ಲಿ ಕೋಪರಖೈರಣೆಗೆ ಹೋಗಿ ಬಂದಿದ್ದರು. ಹೊರಡುವಾಗ ಪರದೆ ಹೇಳಿದ್ದೆಷ್ಟು, ನಿಜವಾಗಿ ಓಡಿದ್ದೆಷ್ಟು, ಅಷ್ಟರಲ್ಲಿ ಪರದೆಯ ಸಂಖ್ಯೆ ಇಳಿದದ್ದೆಷ್ಟು, ಎಲ್ಲ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು.

"ನೀನು ಲೆಕ್ಕ ಕಲ್ತವಳು. ನೋಡಿ ಹೇಳು, ಇದು ಎಷ್ಟು ಸುಳ್ಳು ಹೇಳ್ತದೆ ಅಂತ."

ನೋಡಿದೆ. ಜಾಮಿನಲ್ಲಿ ಒಂದು ಕಿಲೋಮೀಟರ್ ಸರಿದರೆ ಪರದೆಯಲ್ಲಿ ನಾಲ್ಕೈದು ಇಳಿದಿತ್ತು. "ಸುಳ್ಳು ಹೇಳಲ್ಲ ಮಾವ. ಹಿಂದಿನದ್ದು ಮಾತ್ರ ಅದಕ್ಕೆ ಗೊತ್ತು" ಎಂದೆ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, "ಬರೆದು ತೋರಿಸ್ಬಾರ್ದಿತ್ತು ಹಾಗಾದ್ರೆ" ಎಂದು ಇಳಿದು ಹೋದರು. ಕ್ಷಮಿಸು ಎನ್ನಲಿಲ್ಲ. ನಾನೂ ಹೋಗಲಿ ಬಿಡಿ ಎನ್ನಲಿಲ್ಲ. ಎನ್ನಬಹುದಿತ್ತು.

ನಾಲ್ಕನೆಯ ಸಲದ ಪರೀಕ್ಷೆಗೆ ಅದೇ ಕೇಂದ್ರ ಸಿಕ್ಕಿತು. ಮೊದಲ ದಿನ ಬೆಳಿಗ್ಗೆ ಮಾವ ಬಾಗಿಲಲ್ಲಿ ಕೀಲಿ ಹಿಡಿದು ನಿಂತಿದ್ದರು. "ಟ್ಯಾಂಕ್ ಫುಲ್ ಉಂಟು. ನಿನ್ನೆಯೇ ಹಾಕಿಸಿದ್ದೇನೆ."

"ಟ್ರೇನಲ್ಲೇ ಹೋಗ್ತೀನಿ" ಎಂದೆ, ಮುಖ ನೋಡದೆ. ಎಲ್ಲ ಪೇಪರಿಗೂ ಠಾಣೆಯಲ್ಲಿ ಲೋಕಲ್ ಬದಲಿಸಿಯೇ ಹೋಗಿ ಬಂದೆ. ಚೆನ್ನಾಗಿಯೇ ಬರೆದೆ.

ಪರೀಕ್ಷೆ ಮುಗಿದು ಮೂರು ವಾರಕ್ಕೆ ಮಾವ ಹೋದರು. ಬೆಳಗಿನ ಗಿರಾಕಿ ಕರಗಿದ ಮೇಲೆ, ಗಲ್ಲಾದ ಹಿಂದೆ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಕರಿಹಲಗೆಯಲ್ಲಿ ಅಂದಿನ ತಿಂಡಿಗಳೆಲ್ಲ ಇನ್ನೂ ಇದ್ದವು, ಒರೆಸಲು ಯಾರಿಗೂ ಕೈ ಬರಲಿಲ್ಲ.

ಫಲಿತಾಂಶ ಬಂದದ್ದು ಅದಾದ ಮೇಲೆ. ಪಾಸಾಗಿದ್ದೆ. ಮಾವನ ಫೋಟೋದ ಮುಂದೆ ಕಾಫಿ ಇಟ್ಟು ಬಂದು ಅತ್ತೆ ನನ್ನ ಪಕ್ಕ ಕೂತರು.

"ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ರು. ಈಗ ಹೇಳ್ತೇನೆ. ಪರೀಕ್ಷೆಯ ಅಷ್ಟೂ ದಿನ ಕಾರು ತಗೊಂಡು ನಿನಗಿಂತ ಮುಂಚೆಯೇ ಅಲ್ಲಿಗೆ ಹೋಗ್ತಿದ್ರು. ದಾರಿಯಲ್ಲಿ ಟ್ರೇನ್ ಗೀನ್ ನಿಂತು ನೀನು ಫೋನ್ ಮಾಡಿದ್ರೆ, ಎಲ್ಲಿದ್ರೂ ಬಂದು ಕರ್ಕೊಂಡು ಹೋಗ್ಲಿಕ್ಕೆ ಆಗ್ತದೆ ಅಂತ. ನೀನು ಹೊರಗೆ ಬರುವವರೆಗೂ ಅಲ್ಲೇ. ನಿನಗೆ ಗೊತ್ತಿತ್ತಾ?"

"ಇಲ್ಲ ಅತ್ತೆ" ಎಂದೆ.

ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಅಷ್ಟುದ್ದದ ಕರಿಯ ಕಾರನ್ನು ಎಲ್ಲಿ ಅಡಗಿಸಲಾಗುತ್ತದೆ? ಗೇಟಿನ ಎದುರು ರಸ್ತೆಯಾಚೆ ನಿಂತಿತ್ತು. ಒಂದು ಹನಿಗೆ ಜೀವ ಬಿಡುವ ಮನುಷ್ಯ ಅಷ್ಟು ದೂರ ಸುಮ್ಮನೆ ಸುಟ್ಟುಕೊಂಡು ಬಂದು, ನಾನು ಹೊರಬಂದ ಕೂಡಲೇ ಸ್ಟೇರಿಂಗಿನ ಕೆಳಗೆ ತಲೆ ತಗ್ಗಿಸಿದ್ದರು. ನಾನು ಹೋಗಿ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಿದ್ದರೆ ಸಾಕಿತ್ತು. ಇನ್ನೂ ಒಂದೆರಡು ದಿನ ಸತಾಯಿಸೋಣ ಎನಿಸಿತು. ಅಷ್ಟೂ ದಿನ ನಾನು ಆ ಕಾರಿನ ಮುಂದಿನಿಂದಲೇ, ಅದನ್ನು ಕಾಣದವಳ ಹಾಗೆ, ಸ್ಟೇಷನ್ನಿಗೆ ನಡೆದು ಹೋದೆ.